ಶಿರಸಿ–ಕುಮಟಾ ದಾರಿಯಲ್ಲಿ 22,400 ಕಿಲೋಮೀಟರ್: ಹಿಂದಿನ ಚಕ್ರದ ಒಂದು ಟೈರಿನ ಲೆಕ್ಕ

ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್ಟು, ಕೊಳೆರೋಗಕ್ಕೆ ಮದ್ದು ಹೊಡೆಯುವ ಪಂಪು ಇವುಗಳ ದುರಸ್ತಿ ನನ್ನ ಕಸುಬು. ಹಾಗಾಗಿ ವಾರದಲ್ಲಿ ನಾಲ್ಕೈದು ದಿನ ಶಿರಸಿಯಿಂದ ಹೊರಟು ಒಮ್ಮೆ ಸಿದ್ದಾಪುರದ ಕಡೆಗೆ, ಒಮ್ಮೆ ಯಲ್ಲಾಪುರದ ಕಡೆಗೆ, ಹೆಚ್ಚಿನ ಸಲ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಗಳ ಕಡೆಗೆ ಬೈಕಿನಲ್ಲೇ ತಿರುಗುತ್ತೇನೆ. ಗಾಡಿ 2018ರಲ್ಲಿ ಕೊಂಡ 150 ಸಿಸಿಯದು; ಹಿಂದಿನ ಟೈರಿನ ಅಳತೆ 100/90-17. ಹಿಂಬದಿಯ ಕ್ಯಾರಿಯರಿಗೆ ಕಟ್ಟಿದ ಸಲಕರಣೆ ಪೆಟ್ಟಿಗೆ ಹದಿನೆಂಟು ಕಿಲೋ ತೂಗುತ್ತದೆ. 2023ರ ಮೇ ಕೊನೆಯ ವಾರದಲ್ಲಿ ಹಾಕಿಸಿ 2025ರ ಮೇ ತಿಂಗಳಿನಲ್ಲಿ ತೆಗೆಸಿದ ಎಂಆರ್‌ಎಫ್ ನೈಲೋಗ್ರಿಪ್ ಝಾಪರ್ ಟ್ಯೂಬ್‌ಲೆಸ್ ಟೈರು ಈ ಎರಡು ವರ್ಷ ಹೇಗೆ ಸವೆಯಿತು, ಎಲ್ಲಿ ಸವೆಯಿತು, ಯಾವ ತಿಂಗಳುಗಳಲ್ಲಿ ಹೆಚ್ಚು ಸವೆಯಿತು ಎಂಬುದನ್ನು ಅಳೆದು ಬರೆದಿಟ್ಟುಕೊಂಡಿದ್ದೆ. ಅದರ ಆಧಾರದ ಮೇಲೆ ಈ ವಿಮರ್ಶೆ.

ಅಳತೆಯ ಉಪಕರಣ ದೊಡ್ಡದೇನೂ ಅಲ್ಲ. ಟೈರಿನ ನಟ್ಟನಡುವಿನ ಗೀರಿನಲ್ಲಿ ಬೆಂಕಿಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ರಬ್ಬರಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಕಡ್ಡಿಯನ್ನು ಸ್ಟೀಲ್ ಸ್ಕೇಲಿನ ಮೇಲಿಟ್ಟು ಓದುವುದು. ಚಕ್ರದ ಸುತ್ತ ಮೂರು ಕಡೆ ಹೀಗೆ ಅಳೆದು ಸರಾಸರಿ ತೆಗೆಯುತ್ತಿದ್ದೆ. ಹೊಸದರಲ್ಲಿ ಸಿಕ್ಕ ಆಳ 7 ಮಿಲಿಮೀಟರ್. ತೆಗೆಸುವ ದಿನ ಉಳಿದದ್ದು 1.8. ಓಡಿದ್ದು 22,400 ಕಿಲೋಮೀಟರ್. ಟೈರಿಗೆ ಕೊಟ್ಟದ್ದು 2,100 ರೂಪಾಯಿ, ಹೊಸ ವಾಲ್ವು ಸೇರಿಸಿ ಹಾಕುವ ಕೂಲಿ 150. ಕಿಲೋಮೀಟರಿಗೆ ಹತ್ತು ಪೈಸೆ ಬಿತ್ತು. ಇದೇ ಗಾಡಿಗೆ ಅದಕ್ಕೂ ಹಿಂದೆ ಹಾಕಿದ್ದ, ಮಣ್ಣು ರಸ್ತೆಗೆಂದೇ ಮಾಡಿದ ದಪ್ಪ ಕಟ್ಟೆಗಳ ಟೈರು ಒಟ್ಟು 3,100 ರೂಪಾಯಿ ನುಂಗಿ 12,800 ಕಿಲೋಮೀಟರಿಗೇ ಮುಗಿದಿತ್ತು. ಅದು ಕಿಲೋಮೀಟರಿಗೆ 24 ಪೈಸೆ. ಎರಡರ ನಡುವಿನ ಅಂತರವನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಟ್ಟೆಗಳ ನಡುವೆ ಅಗಲವಾದ ಸಂದಿ ಇರುವ ಟೈರಿನಲ್ಲಿ ರಸ್ತೆಗೆ ತಾಗುವ ರಬ್ಬರೇ ಕಡಿಮೆ. ಪ್ರತಿ ಕಟ್ಟೆಯೂ ಭಾರ ಬಿದ್ದಾಗ ಬಾಗಿ, ಬಿಡುವಾಗ ಡಾಂಬರಿನ ಮೇಲೆ ಉಜ್ಜಿಕೊಂಡೇ ಏಳುತ್ತದೆ. ನನ್ನ ಓಡಾಟದಲ್ಲಿ ಮಣ್ಣು ರಸ್ತೆಯ ಪಾಲು ತೋಟದ ಕೊನೆಯ ಅರ್ಧ ಕಿಲೋಮೀಟರ್ ಮಾತ್ರ. ಅದಕ್ಕೋಸ್ಕರ ಉಳಿದ ಐವತ್ತು ಕಿಲೋಮೀಟರ್ ಡಾಂಬರಿನ ಮೇಲೆ ಆ ಟೈರನ್ನು ತೇಯ್ದದ್ದು ನನ್ನ ತಪ್ಪು ಆಯ್ಕೆ.

ಬೈಕಿನ ಟೈರು ನೆಲಕ್ಕೆ ತಾಗಿಕೊಂಡಿರುವ ಜಾಗ ಯಾವ ಹೊತ್ತಿನಲ್ಲೂ ಒಂದು ವೀಳ್ಯದೆಲೆಯಷ್ಟೇ. ಎಂಜಿನ್ನಿನ ಎಳೆತ, ಸವಾರನ ಭಾರ, ಬ್ರೇಕಿನ ತಡೆ, ತಿರುವಿನ ವಾಲುವಿಕೆ ಎಲ್ಲವನ್ನೂ ಆ ಎಲೆಯಷ್ಟು ರಬ್ಬರೇ ಹೊರಬೇಕು. ಹಿಂದಿನ ಚಕ್ರಕ್ಕೆ ಭಾರವೂ ಹೆಚ್ಚು, ಚೈನಿನ ಎಳೆತವೂ ಅದರ ಪಾಲಿಗೇ ಇರುವುದರಿಂದ ಅದು ಮುಂದಿನದಕ್ಕಿಂತ ಬೇಗ ಸವೆಯುತ್ತದೆ. ನನ್ನ ಗಾಡಿಯಲ್ಲಿ ಮುಂದಿನ ಒಂದು ಟೈರು ಬಾಳುವಷ್ಟರಲ್ಲಿ ಹಿಂದೆ ಎರಡು ಮುಗಿಯುತ್ತವೆ.

ಇಲ್ಲಿ ನಾನು ಬರೆದಿಟ್ಟುಕೊಂಡ ಲೆಕ್ಕ ಒಂದು ವಿಚಿತ್ರವನ್ನು ತೋರಿಸಿತು. 2023ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ 3,600 ಕಿಲೋಮೀಟರ್ ಓಡಿ ಟೈರು ಕಳೆದುಕೊಂಡದ್ದು ಅರ್ಧ ಮಿಲಿಮೀಟರ್ ಮಾತ್ರ. ಅಕ್ಟೋಬರ್‌ನಿಂದ ಜನವರಿಯವರೆಗೆ 3,900 ಕಿಲೋಮೀಟರಿಗೆ 0.9 ಮಿಲಿಮೀಟರ್ ಹೋಯಿತು. ಫೆಬ್ರವರಿಯಿಂದ ಮೇ ಕೊನೆಯವರೆಗೆ 4,200 ಕಿಲೋಮೀಟರಿಗೆ 1.4 ಮಿಲಿಮೀಟರ್ ಹೋಯಿತು. ದಾರಿ ಅದೇ, ಸವಾರ ಅದೇ, ಪೆಟ್ಟಿಗೆಯೂ ಅದೇ. ಬೇಸಿಗೆಯಲ್ಲಿ ಡಾಂಬರು ಕಾದು ರಬ್ಬರು ಮೆತ್ತಗಾಗುತ್ತದೆ, ಒಣ ರಸ್ತೆ ಅರದಂತೆ ಅದನ್ನು ಉಜ್ಜುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲಿನ ನೀರು ಟೈರನ್ನು ತಂಪಾಗಿಡುವುದಲ್ಲದೆ ರಬ್ಬರಿಗೂ ರಸ್ತೆಗೂ ನಡುವೆ ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ. ಒದ್ದೆ ರಬ್ಬರಿಗೆ ಇನ್ನೊಂದು ಅಪಾಯವಿದೆ: ಚೂಪಾದ ಜಲ್ಲಿ ಅದನ್ನು ಸುಲಭವಾಗಿ ಕೊಯ್ಯುತ್ತದೆ. ಈ ಟೈರಿನ ಮೇಲಿದ್ದ ಆರು ಕಚ್ಚುಗಳಲ್ಲಿ ಐದು ಮಳೆಗಾಲದಲ್ಲೇ ಆದವು.

ಅಂದರೆ ನಮ್ಮಲ್ಲಿ ಟೈರು ಸವೆಯುವುದು ಬೇಸಿಗೆಯಲ್ಲಿ, ಅದರ ಗೀರುಗಳು ಬೇಕಾಗುವುದು ಮಳೆಗಾಲದಲ್ಲಿ. ಮೇ ತಿಂಗಳ ಕೊನೆಗೆ, ಅಂದರೆ ಗೀರಿನ ಆಳ ಎಲ್ಲಕ್ಕಿಂತ ಕಡಿಮೆಯಾಗಿರುವ ಹೊತ್ತಿಗೇ, ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಸುರಿಯುವ ಕರಾವಳಿಯ ಮಳೆ ಶುರುವಾಗುತ್ತದೆ. ‘ಮಳೆ ಒಂದು ಮುಗಿಯಲಿ, ದೀಪಾವಳಿಗೆ ಹಾಕಿಸಿದರಾಯಿತು’ ಎಂದು ಮುಂದೂಡುವುದು ನಮ್ಮ ಕಡೆಯ ರೂಢಿ. ಹೊಸ ಟೈರನ್ನು ಕೆಸರಿಗೆ ಯಾಕೆ ಇಳಿಸಬೇಕು ಎಂಬ ಭಾವನೆ ಅದರ ಹಿಂದೆ ಇರುತ್ತದೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಈಗ ಅದನ್ನು ತಲೆಕೆಳಗು ಮಾಡಿಕೊಂಡಿದ್ದೇನೆ. ಮೇ 20ರ ಸುಮಾರಿಗೆ ಆಳ ನೋಡುತ್ತೇನೆ. 2 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಇನ್ನೂ ಮೂರು ಸಾವಿರ ಕಿಲೋಮೀಟರ್ ಓಡಬಹುದಾಗಿದ್ದರೂ ಬದಲಾಯಿಸುತ್ತೇನೆ. ಕಾನೂನಿನ ಲೆಕ್ಕದಲ್ಲಿ ದ್ವಿಚಕ್ರ ವಾಹನಕ್ಕೆ 0.8 ಮಿಲಿಮೀಟರ್ ಆಳ ಇದ್ದರೆ ಸಾಕು. ಟೈರಿನ ಪಕ್ಕದಲ್ಲಿ ಸಣ್ಣ ತ್ರಿಕೋನ ಅಥವಾ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳ ಎದುರಿಗೆ, ಗೀರಿನ ತಳದಲ್ಲಿ ಕಾಣುವ ಪುಟ್ಟ ದಿಬ್ಬ ಹೇಳುವುದು ಅದನ್ನೇ. ರಬ್ಬರು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರು ಮುಗಿಯಿತೆಂದು ಅರ್ಥ. ಆದರೆ ಕತಗಾಲದಲ್ಲಿ ಜುಲೈ ತಿಂಗಳ ಮಧ್ಯಾಹ್ನ ರಸ್ತೆಯೇ ಹಳ್ಳವಾದಾಗ 0.8 ಮಿಲಿಮೀಟರ್ ಗೀರಿನಲ್ಲಿ ಎಷ್ಟು ನೀರು ಹಿಡಿದೀತು ಎಂದು ಯೋಚಿಸಿದರೆ ಆ ಮಿತಿ ಒಣ ಊರಿನವರಿಗೆ ಸರಿ ಅನಿಸುತ್ತದೆ.

ಗಾಳಿಯ ವಿಚಾರಕ್ಕೆ ಬರುತ್ತೇನೆ; ಇದರಲ್ಲಿ ನಾನು ಕಲಿತದ್ದು ಹೆಚ್ಚು. ನನ್ನ ಗಾಡಿಗೆ ಮುಂದೆ 25, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕೆಂದು ಕಂಪನಿಯ ಸೂಚನೆ. ಪೆಟ್ಟಿಗೆಯ ಭಾರ ಇರುವುದರಿಂದ ನಾನು ಹಿಂದೆ 30 ಇಡುತ್ತೇನೆ. ಮೊದಲ ಚಳಿಗಾಲದಲ್ಲಿ ಟೈರಿನ ನಡುಭಾಗಕ್ಕಿಂತ ಎರಡೂ ಅಂಚುಗಳ ಕಡೆಗೆ ಸವೆತ ಹೆಚ್ಚಾಗಿ ಕಾಣಿಸತೊಡಗಿತು. ಶಿರಸಿಯಲ್ಲಿ ನಾನು ಯಾವಾಗಲೂ ಹೋಗುವ ಪಂಕ್ಚರ್ ಅಂಗಡಿಯ ಹಿರಿಯರ ಹತ್ತಿರ, “ಅಣ್ಣಾ, ಈ ಟೈರಿನ ರಬ್ಬರೇ ಸರಿ ಇಲ್ಲ ಕಾಣ್ತದೆ,” ಎಂದೆ. ಅವರು ಅಂಗೈಯನ್ನು ಟೈರಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆದು ನೋಡಿ, “ತಮಾ, ಗಾಳಿ ನೋಡದೇ ಟೈರಿಗೆ ಬೈದ್ರೆ ಅದು ಎಂತ ಮಾಡ್ತದೆ?” ಎಂದು ತಮ್ಮ ಮಾಪಕ ಚುಚ್ಚಿದರು. 22 ತೋರಿಸಿತು. ಹಿಂದಿನ ದಿನವಷ್ಟೇ ಒಂದು ಬಂಕಿನಲ್ಲಿ 30 ಎಂದು ಹೇಳಿ ಹಾಕಿಸಿಕೊಂಡಿದ್ದೆ. ಬಂಕಿನ ಯಂತ್ರ ತಪ್ಪೋ, ಅದು ನಿಲ್ಲುವ ಮೊದಲೇ ನಾನು ಕೊಳವೆ ಕಿತ್ತಿದ್ದೋ ತಿಳಿಯದು. ಅಂದೇ ಒಂದು ಮಾಪಕ ಕೊಂಡೆ. ಟೈರಿನಷ್ಟು ಕಾಲ ಉಪಯೋಗಕ್ಕೆ ಬರುವ, ಟೈರಿಗಿಂತ ಬಹಳ ಕಡಿಮೆ ಬೆಲೆಯ ಸಾಮಾನು ಅದು.

ಗಾಳಿ ಕಡಿಮೆ ಇದ್ದರೆ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚಾಗಿ ಮಡಿಚಿ ಬಿಚ್ಚಿಕೊಳ್ಳುತ್ತದೆ. ಮಡಿಚುವುದರಿಂದ ಬಿಸಿ, ಬಿಸಿಯಿಂದ ಸವೆತ. ಭಾರ ಅಂಚುಗಳ ಕಡೆಗೆ ಸರಿಯುವುದರಿಂದ ಅಂಚೇ ಮೊದಲು ತೇಯುತ್ತದೆ. ಹೆಚ್ಚು ಹಾಕಿದರೆ ನಡುಭಾಗ ಉಬ್ಬಿ ಅದೊಂದೇ ಪಟ್ಟಿ ತೇಯುತ್ತದೆ, ಅದರ ಜೊತೆಗೆ ಒದ್ದೆ ರಸ್ತೆಯಲ್ಲಿ ಹಿಡಿತವೂ ತಪ್ಪುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿರುವಾಗಲೇ ನೋಡಬೇಕು. ಟೈರಿನೊಳಗಿನ ಗಾಳಿಯ ಬಿಸಿ 10 ಡಿಗ್ರಿ ಏರಿದರೆ ಮಾಪಕ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಘಟ್ಟ ಇಳಿದು ಕುಮಟೆಯಲ್ಲಿ ಬಿಸಿ ಟೈರಿಗೆ ಮಾಪಕ ಹಿಡಿದು, ಹೆಚ್ಚಾಗಿದೆ ಎಂದು ಗಾಳಿ ಬಿಟ್ಟು, ಮರುದಿನ ಕಡಿಮೆ ಗಾಳಿಯಲ್ಲಿ ಘಟ್ಟ ಹತ್ತುವವರನ್ನು ನೋಡಿದ್ದೇನೆ. ಸಮುದ್ರ ಮಟ್ಟದಲ್ಲಿರುವ ಕುಮಟೆಗೂ 600 ಮೀಟರಿನ ಸುಮಾರಿನಲ್ಲಿರುವ ಶಿರಸಿಗೂ ಹೊರಗಿನ ಗಾಳಿಯ ಒತ್ತಡದಲ್ಲೇ ಒಂದು ಪಿಎಸ್‌ಐನಷ್ಟು ವ್ಯತ್ಯಾಸವಿದೆ. ಆದರೆ ಕೆಳಗಿನ ಸೆಕೆ ಮತ್ತು ಮೇಲಿನ ತಂಪು ಅದನ್ನು ಹೆಚ್ಚುಕಡಿಮೆ ಸರಿತೂಗಿಸಿಬಿಡುವುದರಿಂದ ಅದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಸರಿಯಾದ ಗಾಳಿ ಇಟ್ಟ ಮೇಲೂ ವಾರಕ್ಕೆ ಮೂರು ಪಿಎಸ್‌ಐ ಇಳಿಯುತ್ತಿತ್ತು. ಪಂಕ್ಚರ್ ಇರಲಿಲ್ಲ, ವಾಲ್ವೂ ಹೊಸದು. ಅದೇ ಹಿರಿಯರು ಚಕ್ರ ಬಿಚ್ಚಿ, ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಳ್ಳುವ ಜಾಗಕ್ಕೆ ಸೋಪಿನ ನೀರು ಹಚ್ಚಿದರು. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದು ಗೇಣಿನ ಉದ್ದಕ್ಕೂ ಒಂದೊಂದಾಗಿ ಎದ್ದವು. ಟೈರನ್ನು ಒತ್ತಿ ಬಿಡಿಸಿದಾಗ ಅಲ್ಯೂಮಿನಿಯಂ ರಿಮ್ಮಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿಯ ಪುಡಿ ಕೂತಿತ್ತು. ಕಾರವಾರ, ಅಂಕೋಲಾದ ಕಡೆ ಸಮುದ್ರದ ಪಕ್ಕದಲ್ಲೇ ರಾತ್ರಿಯೆಲ್ಲ ಗಾಡಿ ನಿಲ್ಲಿಸುತ್ತಿದ್ದುದರ ಫಲ: ಉಪ್ಪುಗಾಳಿ ತಿಂದ ರಿಮ್ಮು ಒರಟಾಗಿ, ಆ ಒರಟಿನ ಸಂದಿಯಿಂದ ಗಾಳಿ ನುಸುಳುತ್ತಿತ್ತು. ತಂತಿಯ ಬ್ರಷ್ಷಿನಿಂದ ಕೆರೆದು, ನುಣ್ಣಗಾಗುವವರೆಗೆ ಮರಳು ಕಾಗದ ಹಾಕಿ, ಒರೆಸಿ ಮತ್ತೆ ಕೂರಿಸಿದರು. ಆಮೇಲೆ ತಿಂಗಳಿಗೆ ಎರಡು ಪಿಎಸ್‌ಐಗಿಂತ ಹೆಚ್ಚು ಇಳಿಯಲಿಲ್ಲ. ಕರಾವಳಿಯಲ್ಲಿ ಟ್ಯೂಬ್‌ಲೆಸ್ ಟೈರು ಇಟ್ಟುಕೊಂಡವರು ಟೈರು ಬದಲಾಯಿಸುವಾಗಲೆಲ್ಲ ರಿಮ್ಮಿನ ಈ ಅಂಚನ್ನು ಕಣ್ಣಾರೆ ನೋಡಿಯೇ ಮುಂದುವರಿಯುವುದು ಒಳ್ಳೆಯದು.

ದಾರಿಯ ಸ್ವಭಾವ ಟೈರಿನ ಆಕಾರದ ಮೇಲೆ ಅಚ್ಚೊತ್ತುತ್ತದೆ. ಕುಮಟೆಯಿಂದ ಕಾರವಾರದವರೆಗೆ 66ನೇ ಹೆದ್ದಾರಿ ಹೆಚ್ಚಾಗಿ ನೇರ. ಬೈಕು ವಾಲುವುದೇ ಇಲ್ಲ. ಅಲ್ಲಿ ಹೆಚ್ಚು ಓಡಾಡಿದ ತಿಂಗಳುಗಳಲ್ಲಿ ಟೈರಿನ ದುಂಡು ಬೆನ್ನು ಚಪ್ಪಟೆಯಾಗುತ್ತಾ ಬರುತ್ತದೆ. ಅದು ಕಣ್ಣಿಗೆ ಕಾಣುವ ಮೊದಲೇ ದೇವಿಮನೆಯ ತಿರುವಿನಲ್ಲಿ ಮೈಗೆ ತಿಳಿಯುತ್ತದೆ: ಗಾಡಿ ವಾಲಲು ಮೊದಲು ಹಟ ಮಾಡಿ, ಆಮೇಲೆ ಏನೋ ಮೆಟ್ಟಿಲು ಇಳಿದಂತೆ ಥಟ್ಟನೆ ಒಂದು ಬದಿಗೆ ಬೀಳುತ್ತದೆ. ಹದಿನೆಂಟು ಸಾವಿರ ಕಿಲೋಮೀಟರಿನ ನಂತರ ಈ ಟೈರಿನಲ್ಲೂ ಅದು ಶುರುವಾಯಿತು. ಹೆದ್ದಾರಿ ಕಡಿಮೆ, ಘಟ್ಟ ಹೆಚ್ಚು ಓಡುವವರಿಗೆ ಇಷ್ಟು ಬೇಗ ಬರಲಿಕ್ಕಿಲ್ಲ. ಹೊಸದಾಗಿ ಜಲ್ಲಿ ಹಾಸಿ ಮೇಲೆ ಡಾಂಬರು ಬೀಳುವ ಮೊದಲಿನ ರಸ್ತೆಯಷ್ಟು ಟೈರು ತಿನ್ನುವುದು ಬೇರೊಂದಿಲ್ಲ. ಘಟ್ಟದ ರಸ್ತೆ ಅಗಲ ಮಾಡುವ ಕೆಲಸ ನಡೆದ ದಿನಗಳಲ್ಲಿ ಎಲ್ಲರ ಗಾಡಿಗೂ ಇದರ ಅನುಭವ ಆಗಿದೆ. ನಮ್ಮ ಕೆಂಪುಕಲ್ಲಿನ ರಸ್ತೆ ಟೈರನ್ನು ಅಷ್ಟು ಸವೆಸದು, ಸವಾರನನ್ನು ಮಾತ್ರ ಬೀಳಿಸುತ್ತದೆ.

ಸವಾರನ ಕೈಕಾಲುಗಳ ಪಾತ್ರವೂ ಕಡಿಮೆಯದಲ್ಲ. ನನ್ನ ಗಾಡಿಗೆ ಎಬಿಎಸ್, ಅಂದರೆ ಬ್ರೇಕು ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಇಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿ, ಹಿಂದಿನ ಬ್ರೇಕನ್ನು ತುಳಿದುಕೊಂಡೇ ಬರುವ ಅಭ್ಯಾಸ ಪೆಟ್ರೋಲು ಉಳಿಸುವ ಆಸೆಯಿಂದ ಹಲವರಿಗಿದೆ, ಒಂದು ಕಾಲಕ್ಕೆ ನನಗೂ ಇತ್ತು. ಹೀಗೆ ಇಳಿಯುವಾಗ ಎದುರಿಗೆ ಬಸ್ಸು ಬಂದರೆ ಗಾಬರಿಯಲ್ಲಿ ಒತ್ತಿದ ಬ್ರೇಕಿಗೆ ಚಕ್ರ ನಿಂತುಬಿಡುತ್ತದೆ, ಟೈರು ಮಾತ್ರ ಜಾರುತ್ತಲೇ ಇರುತ್ತದೆ. ಗಾಡಿಯೊಂದಿಗೆ ಬಂದ ಮೊದಲ ಟೈರಿನಲ್ಲಿ ಹೀಗೆ ಒಂದೇ ಜಾರಿಗೆ ಹೆಬ್ಬೆರಳಿನಷ್ಟು ಜಾಗ ಬೋಳಾಗಿತ್ತು. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಬಿಟ್ಟು, ಬೇಕಾದಾಗ ಎರಡೂ ಬ್ರೇಕನ್ನು ಹದವಾಗಿ ಹಿಡಿದು ಇಳಿದರೆ ಟೈರು, ಬ್ರೇಕು ಎರಡೂ ಉಳಿಯುತ್ತವೆ. ಚೈನು ಬಿಗಿ ಮಾಡಿಸುವಾಗ ಎರಡೂ ಬದಿಯ ಗುರುತು ಒಂದೇ ಗೆರೆಗೆ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಓರೆಯಾಗಿ ಕೂತ ಚಕ್ರ ಚೈನನ್ನೂ ಟೈರಿನ ಒಂದು ಮಗ್ಗುಲನ್ನೂ ಒಟ್ಟಿಗೇ ತಿನ್ನುತ್ತದೆ.

ಕೊಳ್ಳುವಾಗ ಮೋಸ ಹೋದ ಕಥೆಯನ್ನೂ ಹೇಳಬೇಕು. ಮೊದಲ ಟೈರು 26,000 ಕಿಲೋಮೀಟರ್ ಓಡಿ ಮುಗಿದಾಗ, 2021ರ ಅಕ್ಟೋಬರಿನಲ್ಲಿ, ಕರಾವಳಿಯ ಒಂದು ಪೇಟೆಯ ಅಂಗಡಿಯಲ್ಲಿ ಒಳ್ಳೆಯ ರಿಯಾಯಿತಿ ಎಂದು ಹೊಸ ಟೈರು ಹಾಕಿಸಿದೆ. ಹೊಳೆಯುತ್ತಿತ್ತು, ಮೇಲಿನ ರಬ್ಬರಿನ ಮೀಸೆ ಕೂಡ ಹೋಗಿರಲಿಲ್ಲ. 2022ರ ಜೂನ್‌ನ ಮೊದಲ ಮಳೆಗೆ, ಬೆವರು ಸುರಿಸಿದಂತೆ ರಸ್ತೆ ಬರೀ ಒದ್ದೆಯಾಗಿದ್ದ ಹೊತ್ತಿನಲ್ಲಿ, ವೇಗ ಮೂವತ್ತೂ ಇರದಿದ್ದಾಗ ಹಿಂದಿನ ಚಕ್ರ ಜಾರಿ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನಾಗಲಿಲ್ಲ. ಗೀರು ಇನ್ನೂ ಐದು ಮಿಲಿಮೀಟರ್ ಇತ್ತು. ಶಿರಸಿಯ ಹಿರಿಯರು ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗಿದ್ದ ನಾಲ್ಕು ಅಂಕಿ ತೋರಿಸಿದರು: 1417. ಅಂದರೆ 2017ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು; ನನ್ನ ಕೈಗೆ ಬರುವಷ್ಟರಲ್ಲಿ ಅದು ನಾಲ್ಕೂವರೆ ವರ್ಷ ಎಲ್ಲೋ ಬಿಸಿಲಿಗೋ ತಗಡಿನ ಮಾಡಿನ ಕೆಳಗೋ ಕೂತಿತ್ತು. ಪಕ್ಕವನ್ನು ಬಗ್ಗಿಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು. ರಬ್ಬರು ಓಡದೆಯೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಮೂರೂ ಸೇರಿ ಅದನ್ನು ಗಡಸು ಮಾಡುತ್ತವೆ. ಗಡಸಾದ ಟೈರು ಸವೆಯುವುದು ನಿಧಾನ, ಹಿಡಿಯುವುದೂ ಕಡಿಮೆ. ಹಾಗಾಗಿ ‘ನನ್ನ ಟೈರು ಸವೆಯುವುದೇ ಇಲ್ಲ ಮಾರಾಯ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಈಗ ನಾನು ಬಗ್ಗಿ ಆ ನಾಲ್ಕು ಅಂಕಿ ಹುಡುಕುತ್ತೇನೆ.

ಝಾಪರ್ ಕೊಳ್ಳುವಾಗ ಅದನ್ನೇ ಮೊದಲು ನೋಡಿದೆ. ತಯಾರಾಗಿ ಮೂರು ತಿಂಗಳೂ ಆಗಿರಲಿಲ್ಲ. ಅದರ ಪಕ್ಕದ 55ಪಿ ಎಂಬ ಗುರುತಿನಲ್ಲಿ 55 ಎಂದರೆ 218 ಕಿಲೋ ಭಾರ, ಪಿ ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ನನ್ನ ಪೆಟ್ಟಿಗೆ, ಒಮ್ಮೊಮ್ಮೆ ಹಿಂದೆ ಕೂರುವ ಸಹಾಯಕ ಎಲ್ಲ ಸೇರಿದರೂ ಅದು ಸಾಕು. ಮೊದಲ ನೂರೈವತ್ತು ಕಿಲೋಮೀಟರ್ ಮೇಲಿನ ನುಣುಪು ಹೋಗುವವರೆಗೆ ನಿಧಾನವಾಗಿ ಓಡಿಸಿದೆ. ಎರಡು ಮಳೆಗಾಲದಲ್ಲಿ ಡಾಂಬರಿನ ಮೇಲೆ ಒಮ್ಮೆಯೂ ಕೈಬಿಡಲಿಲ್ಲ. ಬಾಣದ ಗುರುತಿನಂತೆ ತಿರುಗುವ ದಿಕ್ಕು ನೋಡಿಯೇ ಹಾಕಿಸಿದ್ದರಿಂದ ನೀರು ಚೆಲ್ಲುವ ಗೀರುಗಳು ಸರಿಯಾಗಿ ಕೆಲಸ ಮಾಡಿದವು. ತೋಟದ ಇಳಿಜಾರಿನ ಜೇಡಿಯಲ್ಲಿ ಇಂಥ ರಸ್ತೆ ಟೈರಿನಿಂದ ಏನನ್ನೂ ನಿರೀಕ್ಷಿಸಬಾರದು. ಅಲ್ಲಿ ನಾನು ಗಾಡಿಯನ್ನು ದಣಪೆಯ ಹತ್ತಿರವೇ ನಿಲ್ಲಿಸಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿ ನಡೆಯುತ್ತೇನೆ. ಒಟ್ಟು ಮೂರು ಪಂಕ್ಚರ್ ಆದವು, ಮೂರೂ ನಡುಭಾಗದಲ್ಲಿ, ಮೂರಕ್ಕೂ ರಬ್ಬರಿನ ಎಳೆ ತುರುಕಿ ಅಲ್ಲಿಂದಲೇ ಹೊರಟೆ.

ದಿನಕ್ಕೆ ಐದಾರು ಕಿಲೋಮೀಟರ್ ಪೇಟೆಯೊಳಗೇ ಓಡಾಡುವವರಿಗೆ ಈ ಲೆಕ್ಕ ಹೊಂದಲಿಕ್ಕಿಲ್ಲ. ಅವರ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಅಂಥವರು ಇದಕ್ಕಿಂತ ಮೆತ್ತನೆಯ ರಬ್ಬರಿನದನ್ನು ಆರಿಸಿಕೊಂಡರೂ ನಷ್ಟವಿಲ್ಲ. ಘಟ್ಟ ಮತ್ತು ಹೆದ್ದಾರಿಯನ್ನು ಭಾರ ಹೊತ್ತು ಓಡುವ ನನ್ನಂಥವರಿಗೆ ಕಿಲೋಮೀಟರಿಗೆ ಹತ್ತು ಪೈಸೆಯ ಈ ಟೈರನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. 2025ರ ಮೇ ತಿಂಗಳಿನಲ್ಲಿ ಅದರದೇ ಇನ್ನೊಂದನ್ನು ಹಾಕಿಸಿದೆ. ಹಳೆಯದನ್ನು ಬಿಚ್ಚಿದಾಗ ರಿಮ್ಮಿನ ಅಂಚಿನಲ್ಲಿ ಬಿಳಿಯ ಪುಡಿ ಮತ್ತೆ ಎರಡು ಬೆರಳಿನಷ್ಟು ಉದ್ದಕ್ಕೆ ಕೂತಿತ್ತು, ಕೆರೆಸಿದ್ದಾಯಿತು. ಅದೇ ಹೊತ್ತಿಗೆ ಮುಂದಿನ ಟೈರಿನ ಪಕ್ಕವನ್ನೂ ಒರೆಸಿ ನೋಡಿದೆ: ಗೀರು 3 ಮಿಲಿಮೀಟರ್ ಉಳಿದಿತ್ತು, ಅಂಕಿ ಮಾತ್ರ 4019. ಅದನ್ನೂ ಜೂನ್‌ಗೆ ಮೊದಲೇ ಬದಲಾಯಿಸಲು ಅಂಗಡಿಯಲ್ಲಿ ಅಳತೆ ಬರೆಸಿ ಬಂದೆ.